ದಾಳಿ ಮಾಡದವರ ಆಟ

“ಇಂಥ ಆಟವನ್ನು ಭೂಮಿಯ ಮೇಲೆ ಯಾರೂ ಆಡುವುದಿಲ್ಲ. ಕೂತಲ್ಲೇ ಪ್ರಶ್ನೆ ಹೊಸೆಯುವವರಿಗೆಲ್ಲ ಉತ್ತರ ಬರೆಯಲು ನನಗೆ ಪುರುಸೊತ್ತಿಲ್ಲ.”

ಈ ಎರಡು ಸಾಲು ಗ್ರೂಪಿಗೆ ಕಳಿಸಿ ನಿಯಮಕ್ಕ ಫೋನನ್ನು ಬೋರಲು ಹಾಕಿದಳು. ಕನ್ನಡಕದ ವರ್ಕ್‌ಶಾಪಿನಲ್ಲಿ ಅವಳ ಮುಂದೆ ಇನ್ನೂ ಒಂದು ಟ್ರೇ ತುಂಬ ಲೆನ್ಸುಗಳಿದ್ದವು. ಒಂದೊಂದನ್ನೂ ಯಂತ್ರದ ಕೆಳಗಿಟ್ಟು ಪವರ್ ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಸರಿ, ಇಲ್ಲವೇ ತಪ್ಪು. ನಡುವೆ ಏನೂ ಇಲ್ಲ. ಆ ಕೆಲಸ ಅವಳಿಗೆ ಇಷ್ಟವಾಗಿದ್ದು ಅದಕ್ಕೇ.

ಕಾರ್ಡ್ ಆಟದ ಗ್ರೂಪಿನಲ್ಲೂ ಅವಳದು ಹೆಚ್ಚುಕಡಿಮೆ ಇದೇ ಕೆಲಸ. ಆ ಆಟದಲ್ಲಿ ಹೆಚ್ಚಿನ ಕಾರ್ಡುಗಳಿಗೆ ಒಂದೊಂದು ಪ್ರಾಣಿ, ಅದಕ್ಕೊಂದು ಗುಣ. ನಿಮ್ಮ ಪ್ರಾಣಿಗಳನ್ನು ಕಳಿಸಿ ಎದುರಾಳಿಯ ಕೋಟೆ ಒಡೆಯಬೇಕು. ಎರಡು ಕಾರ್ಡುಗಳ ಗುಣ ಒಂದಕ್ಕೊಂದು ಅಡ್ಡ ಬಂದಾಗ ಜಗಳ ಹುಟ್ಟುತ್ತದೆ. ಆ ಜಗಳವೆಲ್ಲ ಬಂದು ನಿಲ್ಲುವುದು ನಿಯಮಕ್ಕನ ಹತ್ತಿರ. “ಅಕ್ಕಾ, ಇದು ನಡೆಯುತ್ತಾ?” “ಅಕ್ಕಾ, ಇವನು ಮೋಸ ಮಾಡ್ತಿದಾನೆ.” ಕಾಲೇಜು ಹುಡುಗರಿಗೂ ಅವಳು ಅಕ್ಕ, ಗ್ರೂಪಿನ ಅಡ್ಮಿನ್ ಆಗಿದ್ದ ತಲೆ ನರೆತ ಸೈಕಲ್ ಅಂಗಡಿಯವರಿಗೂ ಅಕ್ಕ.

ಊರಿಗೆಲ್ಲ ಅಕ್ಕನಾದವಳ ಕಡೆ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಅದರಿಂದ ಅನುಕೂಲವೂ ಇತ್ತು. ಯಾರೂ ತಟ್ಟದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಂತೆ ಒಮ್ಮೊಮ್ಮೆ ಅನ್ನಿಸುತ್ತಲೂ ಇತ್ತು.

ಅಕ್ಕ ಅನ್ನದವನು ಒಬ್ಬನೇ. ಗ್ರೂಪಿನಲ್ಲಿ ಅವನನ್ನು ಡ್ರೈವಿಂಗ್ ಮೇಷ್ಟ್ರು ಎನ್ನುತ್ತಿದ್ದರು, ಕಾರು ಕಲಿಸುವವನು. ಭಾನುವಾರಗಳಲ್ಲಿ ಅವನಿಗೆ ಪಾಠವಿರುತ್ತಿದ್ದರಿಂದ ಎಲ್ಲರೂ ಸೇರುವ ಆಟದ ಹಾಲ್‌ಗೆ ಬಂದವನೇ ಅಲ್ಲ. ಪ್ರಶ್ನೆ ಮಾತ್ರ ಬರುತ್ತಿತ್ತು: “ನಮಸ್ಕಾರ. ಬಿಡುವಿದ್ದರೆ ಒಂದು ಸಂದೇಹ.” ಆ ‘ಬಿಡುವಿದ್ದರೆ’ ಅನ್ನುವ ಮಾತನ್ನು ಅವಳು ಬೇರೆಯವರಿಗೆ ಗೊತ್ತಾಗದ ಹಾಗೆ ಇಷ್ಟಪಟ್ಟಿದ್ದಳು. ಅದಕ್ಕೇ ಇವತ್ತು ಅಷ್ಟು ಸಿಟ್ಟು ಬಂದದ್ದು.

ಅವನು ಕೇಳಿದ್ದು ಇಷ್ಟು. ಎದುರಾಳಿಯ ಹತ್ತಿರ ನಲವತ್ತು ದೀಪದ ಹುಳುಗಳಿವೆ. ಒಂದು ಕಲ್ಲಾಮೆ ಬಂದರೆ ಪ್ರತಿ ಹುಳವೂ ಇನ್ನೊಂದು ಹುಳವನ್ನು ಕರೆಯುತ್ತದೆ. ಪಕ್ಕದಲ್ಲಿ ಕೆರೆಯ ಕಾರ್ಡಿದೆ, ಅದು ಆದದ್ದನ್ನೆಲ್ಲ ಇನ್ನೊಮ್ಮೆ ಆಗಿಸುತ್ತದೆ. ಹಾಗಾದರೆ ಕೊನೆಗೆ ಎಷ್ಟು ಹುಳು?

ನಲವತ್ತು. ಯಾರ ಆಟದಲ್ಲೂ ಅವಳು ನಾಲ್ಕಕ್ಕಿಂತ ಹೆಚ್ಚು ಹುಳು ಕಂಡಿರಲಿಲ್ಲ. ಎಲ್ಲರೂ ಬಂದ ಪ್ರಾಣಿಯನ್ನು ಬಂದ ಹಾಗೆ ದಾಳಿಗೆ ನೂಕುತ್ತಾರೆ. ಕಾಫಿ ಆರುವುದರೊಳಗೆ ಆಟ ಮುಗಿಯುತ್ತದೆ. ಇವನು ತನ್ನನ್ನು ಆಡಿಸುತ್ತಿದ್ದಾನೆ, ಇಷ್ಟು ದಿನವೂ ಆಡಿಸಿದ್ದಾನೆ ಎಂದುಕೊಂಡಳು.

ಫೋನು ತಿರುಗಿಸಿ ನೋಡಿದಾಗ ನಗುವ ಮುಖಗಳ ಸಾಲು, ಅದರ ಕೆಳಗೆ ಅವನದೊಂದು ಸಾಲು. “ಕ್ಷಮಿಸಿ. ಇನ್ನು ತೊಂದರೆ ಕೊಡುವುದಿಲ್ಲ.” ಅದರ ಕೆಳಗೆ, ಅವನು ಗ್ರೂಪ್ ಬಿಟ್ಟ ಸುದ್ದಿ.

ಸರಿಯಾದ ಉತ್ತರ ಕೊಟ್ಟ ಮೇಲೆ ಇರಬೇಕಾದ ಸಮಾಧಾನ ಅವಳಿಗೆ ಸಿಗಲಿಲ್ಲ.

*

ಆ ಭಾನುವಾರ, ಸೈಕಲ್ ಅಂಗಡಿಯ ಮೇಲಿನ ಹಾಲ್‌ಗೆ ಒಬ್ಬ ಹೆಂಗಸು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಅರವತ್ತು ದಾಟಿದ ಗಟ್ಟಿ ಮೈ, ಬೆನ್ನು ನೇರ. ಬಾಗಿಲಲ್ಲಿ ನಿಂತು ಒಮ್ಮೆ ಉಸಿರು ಬಿಟ್ಟು ಎಲ್ಲರನ್ನೂ ನೋಡಿದರು.

“ಇಲ್ಲಿ ನಿಯಮಕ್ಕ ಅನ್ನೋರು ಯಾರು?”

“ನಾನೇ. ಏನಾಗ್ಬೇಕಿತ್ತು?”

“ಓ. ಇನ್ನೂ ವಯಸ್ಸಾಗಿರೋರು ಅಂದ್ಕೊಂಡಿದ್ದೆ.” ಅವರು ಹತ್ತಿರ ಬಂದರು. “ಆ ಹುಳಗಳೆಲ್ಲ ನನ್ನವು ಕಣಮ್ಮ.”

“ಯಾವ ಹುಳ?”

“ಭೂಮಿ ಮೇಲೇ ಇಲ್ಲ ಅಂದ್ರಲ್ಲ, ಆ ಹುಳ.”

ಹಾಲ್‌ನಲ್ಲಿ ಕಾರ್ಡು ಕಲೆಸುವ ಸದ್ದು ನಿಂತಿತು. ನಿಯಮಕ್ಕನ ಕಿವಿ ಬೆಚ್ಚಗಾಯಿತು.

“ನಮ್ಮ ಹುಡುಗ ಬಾಯಿ ಬಿಟ್ಟು ಏನೂ ಹೇಳಲ್ಲ. ಅವನ ಫೋನ್ ನಾನೇ ನೋಡಿದೆ. ಅವನು ಸುಳ್ಳುಗಾರ ಅಲ್ಲ. ನಿಮಗೆ ನಂಬಿಕೆ ಇಲ್ದಿದ್ರೆ ಬಂದು ನೋಡಿ. ಊಟದ ಮೇಜಿನ ಮೇಲೇ ಇದೆ. ನಾವು ನಿಂತ್ಕೊಂಡು ಊಟ ಮಾಡ್ತಿದೀವಿ.”

“ಹೋಗಿ ಬಾ ಅಕ್ಕಾ,” ಅಂದರು ಸೈಕಲ್ ಅಂಗಡಿಯವರು. “ಹುಳ ಹೇಗಿವೆ ಅಂತ ನಮಗೂ ಹೇಳು.” ಅಲ್ಲೇ ಅವರು ಆ ಹೆಂಗಸಿನ ನಂಬರ್ ತೆಗೆದುಕೊಂಡು ಗ್ರೂಪಿಗೂ ಸೇರಿಸಿಬಿಟ್ಟರು.

*

ಬಾಗಿಲು ತೆಗೆದವನು ಆಗಷ್ಟೇ ಪಾಠ ಮುಗಿಸಿ ಬಂದಿದ್ದ; ಅಂಗಿಯ ಒಂದು ತೋಳು ಮಡಿಸಿತ್ತು, ಇನ್ನೊಂದು ಇರಲಿಲ್ಲ.

“ದೊಡ್ಡಮ್ಮ, ಇವರು ಯಾರು?”

“ನಿನ್ನ ಜಡ್ಜ್.”

ಅವನು ಇನ್ನೊಂದು ತೋಳನ್ನು ಮಡಿಸತೊಡಗಿದ. ಅದಕ್ಕೆ ಬೇಕಾದ್ದಕ್ಕಿಂತ ತುಂಬ ಹೊತ್ತು ತೆಗೆದುಕೊಂಡ. ಮುಖ ಎತ್ತಿದಾಗ ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಮೇಜಿನ ಮೇಲೆ ಬಿಳಿಯ ಹಾಸು ಹೊದಿಸಿತ್ತು. ದೊಡ್ಡಮ್ಮ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಮಲಗಿದವರ ಮೈಮೇಲಿಂದ ಹೊದಿಕೆ ಸರಿಸುವ ಜಾಗ್ರತೆಯಲ್ಲಿ ಅವರು ಆ ಹಾಸನ್ನು ಎತ್ತಿದರು.

ಹುಳುಗಳು ಇದ್ದವು. ಸಾಲು ಸಾಲಾಗಿ, ಅಂಚಿಗೆ ಅಂಚು ಕೂಡಿಸಿ, ಮೇಜು ಸಾಲದೆ ಪಕ್ಕದ ಸ್ಟೂಲಿನ ಮೇಲೂ ಇದ್ದವು. ಅವುಗಳ ಹಿಂದೆ ಆಮೆಗಳು, ಆಮೆಗಳ ಹಿಂದೆ ಕೆರೆ. ಕಾರ್ಡು ಸಾಲದ ಕಡೆ ಹಳೆಯ ಅಂಗಿಯ ಗುಂಡಿಗಳನ್ನು ಹುಳುಗಳೆಂದು ಇಟ್ಟಿದ್ದರು. ಗಾಳಿಗೆ ಎಲ್ಲಿ ಹಾರಿ ಹೋಗುತ್ತವೋ ಎಂದು ಫ್ಯಾನ್ ಹಾಕಿರಲಿಲ್ಲ. ಮೂವರೂ ಬೆವರುತ್ತಾ ನಿಂತರು.

“ನೀವು ದಾಳಿ ಮಾಡೋದೇ ಇಲ್ವಾ?” ನಿಯಮಕ್ಕ ಕೇಳಿದಳು.

“ಸಾಯೋಕೆ ಅಂತ ಕಳಿಸೋದು ನನ್ನ ಕೈಲಿ ಆಗಲ್ಲಮ್ಮ. ಕೆಲಸದಲ್ಲಿ ನೋಡಿದ್ದೇ ಸಾಕು. ಇವು ಇಲ್ಲೇ ಇರ್ಲಿ, ಕೋಟೆ ಕಾಯ್ಲಿ.”

“ಮತ್ತೆ ಗೆಲ್ಲೋದು ಹೇಗೆ?”

“ಸೋಲದೆ ಇದ್ರೆ ಸಾಲ್ದಾ?”

ದೊಡ್ಡಮ್ಮ ಮಂಡಿಯ ಆಪರೇಷನ್ ಆಗಿ ಮಲಗಿದ್ದಾಗ ಹೊತ್ತು ಹೋಗಲಿ ಎಂದು ಅವನು ತಂದುಕೊಟ್ಟ ಕಾರ್ಡುಗಳಂತೆ. ಆ ಆಟ ಇನ್ನೂ ಮುಗಿದಿಲ್ಲ. ಅದೇ ಮೊದಲನೆಯದು, ಅದೇ ಈಗಲೂ ನಡೆದಿರುವುದು.

ನಿಯಮಕ್ಕ ಮೇಜಿನ ಸುತ್ತ ಒಂದು ಸುತ್ತು ಬಂದಳು. ಬಾಗಿ ಆಮೆಗಳನ್ನು ನೋಡಿದಳು, ಕೆರೆಯನ್ನು ನೋಡಿದಳು. ಎರಡು ನಿಯಮಗಳು ಅಲ್ಲಿ ಎದುರುಬದುರು ನಿಂತಿದ್ದವು. ಯಾವುದು ಮೊದಲು ದಾರಿ ಬಿಡಬೇಕೆಂದು ಯಾರೂ ಎಲ್ಲೂ ಹೇಳಿರಲಿಲ್ಲ, ಯಾಕೆಂದರೆ ಇಷ್ಟು ದೂರ ಯಾರೂ ಬಂದಿರಲಿಲ್ಲ.

“ಗೊತ್ತಿಲ್ಲ,” ಅಂದಳು.

ಆ ಮಾತು ತನ್ನ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎನ್ನುವುದನ್ನೇ ಅವಳು ಮರೆತಿದ್ದಳು. ಅವನು ಥಟ್ಟನೆ ಅವಳನ್ನು ನೋಡಿದ. ಯಾರೋ ಅವನ ಕೈಯಿಂದ ಭಾರದ ಚೀಲ ಇಳಿಸಿಕೊಂಡಂತೆ ಭುಜ ಸಡಿಲವಾಯಿತು.

“ನಂಗೂ ಗೊತ್ತಾಗ್ಲಿಲ್ಲ,” ಅಂದ. “ಅದಕ್ಕೇ ಕೇಳಿದ್ದು.”

“ನಾನು ಹಾಗೆ ಬರೀಬಾರದಿತ್ತು.”

“ಪರವಾಗಿಲ್ಲ.”

“ಪರವಾಗಿಲ್ಲ ಅಂತ ಅಲ್ಲ. ಎಲ್ಲರ ಮುಂದೆ ಅಂದಿದ್ದು. ಎಲ್ಲರ ಮುಂದೇ ವಾಪಸ್ ತಗೋತೀನಿ.” ಅಲ್ಲೇ ನಿಂತು ಗ್ರೂಪಿಗೆ ಬರೆದಳು: “ಆ ಆಟ ಇದೆ. ಕಣ್ಣಾರೆ ನೋಡಿದೆ. ತಪ್ಪು ನನ್ನದು. ಉತ್ತರ ಹುಡುಕುತ್ತಿದ್ದೇನೆ.”

ಬೆವರು ಅವಳ ಹಣೆಯಿಂದ ಗಲ್ಲಕ್ಕೆ ಇಳಿಯುತ್ತಿತ್ತು. ಅವನು ಡ್ರೈವಿಂಗ್ ಸ್ಕೂಲಿನ ಒಂದು ಕರಪತ್ರ ತೆಗೆದು ಬೀಸಿದ, ಕಾರ್ಡುಗಳ ಕಡೆ ಗಾಳಿ ಹೋಗದ ಹಾಗೆ, ಅವಳ ಕಡೆಗೆ ಮಾತ್ರ.

*

ಉತ್ತರ ಹುಡುಕಲು ವಾರಗಳೇ ಬೇಕಾದವು. ಪ್ರತಿ ಶನಿವಾರ ಮಧ್ಯಾಹ್ನ ವರ್ಕ್‌ಶಾಪ್ ಮುಚ್ಚಿದ ಮೇಲೆ ಅವಳು ಬರುತ್ತಿದ್ದಳು. ಆ ಒಂದು ಗಂಟನ್ನು ಬಿಟ್ಟು ಉಳಿದ ಆಟ ಮುಂದುವರಿದಿತ್ತು. ಮೂವರೂ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ತಿನ್ನುತ್ತಿದ್ದರು. ದೊಡ್ಡಮ್ಮನ ‘ನೀವು’ ಎರಡನೇ ಶನಿವಾರಕ್ಕೇ ‘ನೀನು’ ಆಯಿತು. ಅವನದು ‘ನೀವು’ ಆಗಿಯೇ ಉಳಿಯಿತು. ಆದರೆ ಆ ‘ನೀವು’ ದಿನದಿನಕ್ಕೆ ಮೆತ್ತಗಾಗುತ್ತಿತ್ತು.

“ಕಾರು ಕಲಿಸೋವಾಗ ಭಯ ಆಗಲ್ವಾ?” ಒಮ್ಮೆ ಕೇಳಿದಳು.

“ನನ್ನ ಕಡೆಗೂ ಒಂದು ಬ್ರೇಕ್ ಇರುತ್ತೆ. ಅದರ ಮೇಲೆ ಕಾಲಿಟ್ಕೊಂಡು, ಒತ್ತದೆ ಕೂತಿರೋದೇ ನನ್ನ ಕೆಲಸ. ಒತ್ತಿದ್ರೆ ಅವರು ಕಲಿಯಲ್ಲ.”

“ನಂದೂ ಅಷ್ಟೇ. ಕಣ್ಣೆದುರಿಗೇ ಸೋಲೋ ಹಾಗೆ ಆಡ್ತಿರ್ತಾರೆ. ಜಡ್ಜ್ ಆದವಳು ಬಾಯಿ ಬಿಡಬಾರದು. ಇದು ನಡೆಯುತ್ತೆ, ಇದು ನಡೆಯಲ್ಲ, ಅಷ್ಟೇ ಹೇಳಬೇಕು. ಇದನ್ನ ಆಡು ಅಂತ ಹೇಳೋ ಹಾಗಿಲ್ಲ.”

“ಕಷ್ಟ ಅಲ್ವಾ?”

“ಅಭ್ಯಾಸ ಆಗಿದೆ.”

“ನಂಗೂ,” ಅಂದ.

ಮೂರನೆಯ ಶನಿವಾರ ಅವನಿಗೊಂದು ಸಂದೇಹ ಬಂತು. ತನ್ನ ಕೈಯಲ್ಲಿದ್ದ ಕಾರ್ಡಿನ ಬಗ್ಗೆ. ಅಂಥದ್ದನ್ನು ಎದುರಾಳಿಗೆ ಕೇಳಿಸುವ ಹಾಗೆ ಕೇಳುವಂತಿಲ್ಲ. ಜಡ್ಜ್ ಹಿಂದೆ ಬಂದು ನಿಂತು, ಬಾಗಿ, ಕೈ ನೋಡಬೇಕು. ಅವಳು ಬಾಗಿದಳು. ಅವನ ಕತ್ತಿನ ಹತ್ತಿರ ಸೋಪಿನ ವಾಸನೆಯಿತ್ತು. ಅವನು ಬೆರಳಿನಿಂದ ಒಂದು ಕಾರ್ಡು ಮುಟ್ಟಿ ತೋರಿಸಿದ. ಅವಳ ಕಣ್ಣು ಮಾತ್ರ ಅದರ ಪಕ್ಕದ ಕಾರ್ಡಿನ ಮೇಲೆ ನಿಂತಿತು.

ಗ್ರಹಣ.

ಗ್ರಹಣ ಆಡಿದರೆ ಬೆಳಕಿನ ಪ್ರಾಣಿಗಳೆಲ್ಲ ಆರಿಹೋಗುತ್ತವೆ. ಅಷ್ಟೂ ಹುಳುಗಳು, ಗುಂಡಿಗಳು ಸಮೇತ. ಆಮೇಲೆ ಒಂದೇ ದಾಳಿ, ಕೋಟೆ ಬಿದ್ದಂತೆ. ಆ ಕಾರ್ಡಿನ ಮೂಲೆಗಳು ಸವೆದಿದ್ದವು. ಕೈಗೆ ಬಂದು ಬಹಳ ದಿನವಾದ, ಮತ್ತೆ ಮತ್ತೆ ಮುಟ್ಟಿ ಬಿಟ್ಟ ಕಾರ್ಡು ಅದು.

ಅವಳು ನೋಡಿದ್ದನ್ನು ಅವನು ನೋಡಿದ. ಒಂದು ಉಸಿರಿನಷ್ಟು ಹೊತ್ತು ಇಬ್ಬರ ಕಣ್ಣೂ ಕೂಡಿದವು, ಇಷ್ಟು ಹತ್ತಿರದಿಂದ. ಅವನ ರೆಪ್ಪೆ ಸ್ವಲ್ಪ ಬಾಗಿತು, ಬೇಡಿಕೊಂಡ ಹಾಗೆ.

“ನಡೆಯುತ್ತೆ,” ಅಂದಳು ಅವನು ತೋರಿಸಿದ ಕಾರ್ಡಿಗೆ. ಮುಖದಲ್ಲಿ ಏನನ್ನೂ ಬಿಟ್ಟುಕೊಡದೆ ಹಿಂದೆ ಸರಿದಳು.

ದೊಡ್ಡಮ್ಮನ ಹುಳುಗಳಿಗಾಗಿ ಗೆಲುವನ್ನೇ ಮುಚ್ಚಿಟ್ಟುಕೊಂಡಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ತನ್ನ ಮನಸ್ಸು ಅವನ ಕಡೆ ಯಾಕೆ ವಾಲಿದೆ ಎನ್ನುವುದಕ್ಕೆ ಆ ರಾತ್ರಿ ಅವಳಿಗೆ ಬೇರೆ ಕಾರಣ ಬೇಕಾಗಿರಲಿಲ್ಲ.

ಮರುವಾರ ಅಡುಗೆಮನೆಯಲ್ಲಿ ದೊಡ್ಡಮ್ಮ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಕೇಳಿದರು. “ಅವನ ಕೈಲಿ ಏನೋ ಇದೆ ಅಲ್ವಾ?”

“ಹೇಳೋ ಹಾಗಿಲ್ಲಮ್ಮ.”

“ನಂಗೆ ಸೋಲೋಕೆ ಬೇಜಾರಿಲ್ಲ. ಪಾಪ ಮುದುಕಿ ಅಂತ ಬಿಟ್ಟು ಆಡಿದ್ರೆ ಮಾತ್ರ ಸೇರಲ್ಲ. ಮಂಡಿ ಹೋಗಿತ್ತು, ಬುದ್ಧಿ ಹೋಗಿರ್ಲಿಲ್ಲ.”

ನಿಯಮಕ್ಕ ತಟ್ಟೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ದೊಡ್ಡಮ್ಮ ಅವಳನ್ನು ಪಕ್ಕದಿಂದ ನೋಡಿ, “ಗಟ್ಟಿ ಹುಡುಗಿ,” ಅಂದು ನಲ್ಲಿ ನಿಲ್ಲಿಸಿದರು.

*

ಕೊನೆಗೆ ಉತ್ತರ ಸಿಕ್ಕಿತು. ಅವಳು ಮೇಜಿನ ಮುಂದೆ ನಿಂತು ಹೇಳಿದಳು. “ಆಮೆ ಬಂದಾಗ ಯಾವ ಹುಳುಗಳು ಇದ್ವೋ ಅವು ಮಾತ್ರ ಕರೀತಾವೆ. ಆಮೇಲೆ ಬಂದವು ಆ ಆಮೆ ಬಂದಿದ್ದನ್ನ ನೋಡೇ ಇಲ್ಲ. ಕೆರೆ ಇನ್ನೊಂದು ಸಲ ಕರೆಸುತ್ತೆ, ಅದೂ ಹಳಬರ ಕೈಲೇ.”

“ಅಂದ್ರೆ ನೂರಿಪ್ಪತ್ತು,” ಅಂದ ಅವನು.

“ಅಷ್ಟು ಗುಂಡಿ ಎಲ್ಲಿಂದ ತರೋದು,” ಅಂದರು ದೊಡ್ಡಮ್ಮ, ಸಂತೋಷದಿಂದ.

ಅಷ್ಟೇ. ಮುಗಿಯಿತು. ಬರುವ ಶನಿವಾರಕ್ಕೆ ಅವಳ ಹತ್ತಿರ ಕಾರಣವಿರಲಿಲ್ಲ. ಚಪ್ಪಲಿ ಮೆಟ್ಟುವಾಗ ಬಾರು ಸಿಕ್ಕಿಸುವುದು ತಡವಾಯಿತು. “ಸ್ಟಾಪಿನ ತನಕ ಬರ್ತೀನಿ,” ಅಂದ ಅವನು. ಯಾವತ್ತೂ ಹಾಗೆ ಅಂದಿರಲಿಲ್ಲ.

ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಬಸ್ ಸ್ಟಾಪಿನ ಬೆಂಚಿನಲ್ಲಿ ಯಾರೂ ಇರಲಿಲ್ಲ. ಆದರೂ ಇಬ್ಬರೂ ಕೂರಲಿಲ್ಲ.

“ಆ ಕಾರ್ಡ್ ನೀವು ನೋಡಿದ್ರಿ,” ಅಂದ.

“ಕೈಯಲ್ಲಿ ನೋಡಿದ್ದನ್ನ ನಾನು ಮಾತಾಡಲ್ಲ.”

“ನಾನೇ ಮಾತಾಡ್ತಿದೀನಲ್ಲ.” ಅವನು ರಸ್ತೆಯ ಆಚೆಗೆ ನೋಡುತ್ತಾ ಹೇಳಿದ. “ಮೊದಲು ದೊಡ್ಡಮ್ಮನಿಗೋಸ್ಕರ ಇಟ್ಕೊಂಡಿದ್ದೆ. ಆಟ ಮುಗಿದ್ರೆ ಮತ್ತೆ ಗೋಡೆ ನೋಡ್ತಾ ಮಲಗ್ತಾರೆ ಅಂತ. ಈಗ ಅವರಿಗೆ ಅದು ಬೇಕಿಲ್ಲ. ಒಬ್ರೇ ಮಾರ್ಕೆಟ್‌ಗೆ ಹೋಗ್ತಾರೆ. ನಿಮ್ಮ ಹಾಲ್‌ನ ಮೆಟ್ಟಿಲೂ ಹತ್ತಿ ಬಂದ್ರು.”

“ಮತ್ತೆ ಈಗ ಯಾಕೆ ಇಟ್ಕೊಂಡಿದೀರಿ?”

ಕಾಲಿನ ಕೆಳಗೆ ಬ್ರೇಕ್ ಇದ್ದಿದ್ದರೆ ಈಗ ಒತ್ತಿಯೇಬಿಡುತ್ತಿದ್ದನೇನೋ.

“ಆಟ ಮುಗಿದ್ರೆ ನೀವು ಬರಲ್ಲ.”

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಎಷ್ಟೋ ವರ್ಷಗಳಿಂದ ಎಲ್ಲರ ಪ್ರಶ್ನೆಗೂ ಥಟ್ಟನೆ ಉತ್ತರ ಕೊಡುತ್ತ ಬಂದವಳು ಮೆಟ್ಟಿಲ ಮುಂದೆ ಸುಮ್ಮನೆ ನಿಂತಳು.

“ಹತ್ತೋದಾ, ಇಲ್ವಾ?” ಅಂದ ಡ್ರೈವರ್.

“ಇಲ್ಲ,” ಅಂದಳು. ಪಕ್ಕದಲ್ಲಿದ್ದವನ ಮುಖ ಬಾಡಿದ್ದು ಕಂಡು, “ನಿಮಗಲ್ಲ, ಅವರಿಗೆ,” ಅಂದಳು. ಬಸ್ಸು ಧೂಳೆಬ್ಬಿಸಿ ಹೋಯಿತು.

“ಆ ಕಾರ್ಡ್ ಆಡಿ.”

“ಏನು?”

“ಗ್ರಹಣ. ಹೋಗಿ ಆಡಿ. ಆಟ ಮುಗಿದ್ರೂ ನಾನು ಬರ್ತೀನಿ.”

ಅವನು ಅವಳನ್ನೇ ನೋಡಿದ. ನಗು ಮೊದಲು ಕಣ್ಣಿಗೆ ಬಂತು, ಬಾಯಿಗೆ ಬರಲು ಹೆದರಿದಂತೆ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. “ಜಡ್ಜ್ ಆದವರು ಹೀಗೆಲ್ಲ ಹೇಳಬಹುದಾ?”

“ಹೇಳಬಾರದು.”

“ಹೇಳಿಬಿಟ್ರಲ್ಲ.”

“ಹೂಂ,” ಅಂದಳು. “ಹೇಳಿಬಿಟ್ಟೆ.”

*

ಇಬ್ಬರೂ ಒಟ್ಟಿಗೆ ವಾಪಸು ಬಂದದ್ದನ್ನು ಕಂಡು ದೊಡ್ಡಮ್ಮ, “ಬಸ್ ಬರ್ಲಿಲ್ವಾ?” ಅಂದರು. ಅವನು ಕುರ್ಚಿ ಎಳೆದುಕೊಂಡು ಕೂತ, ಕೈಯಿಂದ ಒಂದು ಕಾರ್ಡು ತೆಗೆದು ಮೇಜಿನ ನಡುವೆ ಇಟ್ಟ.

ದೊಡ್ಡಮ್ಮ ಕನ್ನಡಕ ಏರಿಸಿ ಓದಿದರು. ಸವೆದ ಮೂಲೆಯನ್ನು ಬೆರಳಿನಿಂದ ಸವರಿದರು.

“ಎಷ್ಟು ದಿನದಿಂದ ಇದೆ ಇದು?”

“ಬಹಳ ದಿನದಿಂದ.”

“ಪಾಪ ಅಂತಾನಾ?”

“ಮೊದಲು ಹೌದು, ದೊಡ್ಡಮ್ಮ. ತಪ್ಪಾಯ್ತು. ಆಮೇಲೆ ಅದಲ್ಲ.”

“ಆಮೇಲೆ ಏನು?”

ಅವನ ಕಣ್ಣು ಮೇಜಿನ ಆ ಕಡೆ ನಿಂತವಳತ್ತ ಹೋಗಿ ಬಂತು. ದೊಡ್ಡಮ್ಮ ಅದನ್ನು ನೋಡಿದರು, ನೋಡದವರಂತೆ ತಮ್ಮ ಆಮೆಗಳ ಕಡೆ ತಿರುಗಿದರು.

“ಹುಳ ಆರಿದ್ರೆ ಆರ್ಲಿ. ನನ್ನ ಆಮೆಗಳು ಕತ್ತಲಲ್ಲೂ ಕಾಯ್ತಾವೆ. ಕೋಟೆ ಬೀಳಲ್ಲ.”

“ಬೆಳಕಿಲ್ದೆ ಅವು ಹೇಗೆ ಕಾಯ್ತಾವೆ?”

“ಕಲ್ಲಿಗೆ ಯಾಕಪ್ಪ ಬೆಳಕು? ಏನಮ್ಮ, ನೀನೇ ಹೇಳು. ಇದು ನಡೆಯುತ್ತಾ, ಇಲ್ವಾ?”

ಇಬ್ಬರೂ ಅವಳ ಕಡೆ ನೋಡಿದರು. ಅವಳಿಗೆ ಉತ್ತರ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

“ನಾನು ಹೇಳೋ ಹಾಗಿಲ್ಲ.”

“ಯಾಕೆ, ಇದೂ ಗೊತ್ತಿಲ್ವಾ?”

“ಗೊತ್ತು. ಆದ್ರೆ ತನ್ನವರು ಆಡ್ತಿದ್ರೆ ಜಡ್ಜ್ ತೀರ್ಪು ಕೊಡಬಾರದು. ಎದ್ದು ನಿಂತು, ಇದು ನನ್ನವರ ಆಟ, ಬೇರೆಯವರನ್ನ ಕರೀರಿ ಅನ್ನಬೇಕು.” ಅವಳ ದನಿ ನಡುವೆ ಎಲ್ಲೋ ತೆಳುವಾಯಿತು. “ಅದಕ್ಕೇ ಹೇಳ್ತಿದೀನಿ. ಬೇರೆಯವರನ್ನ ಕರೀರಿ.”

ಅವನು ಕೈಯಲ್ಲಿದ್ದ ಉಳಿದ ಕಾರ್ಡುಗಳನ್ನು ಮುಚ್ಚಿ ಇಡುವುದನ್ನೂ ಮರೆತಿದ್ದ. ಎಲ್ಲವೂ ಕಾಣುತ್ತಿದ್ದವು.

“ತನ್ನವರು ಅಂದ್ರೆ?” ದೊಡ್ಡಮ್ಮ ನಾಡಿ ಹಿಡಿದು ನೋಡುವವರ ಹಾಗೆ ಗಂಭೀರವಾಗಿ ಕೇಳಿದರು. “ನಾನಾ, ಇವನಾ?”

“ಇಬ್ರೂ,” ಅಂದಳು ನಿಯಮಕ್ಕ. ಆಮೇಲೆ ಸರಿಯಾದ ಉತ್ತರವನ್ನೇ ಕೊಡಬೇಕೆನ್ನಿಸಿ ಅವನತ್ತ ನೋಡಿ, “ಮೊದಲು ಇವರು,” ಅಂದಳು.

ದೊಡ್ಡಮ್ಮ ಫೋನು ಎತ್ತಿಕೊಂಡರು. ಗ್ರೂಪು ತೆರೆದು, ಮೈಕಿನ ಗುರುತನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು, ವಾರ್ಡಿನ ಕೊನೆಯ ಮಂಚಕ್ಕೂ ಕೇಳಿಸುವ ದನಿಯಲ್ಲಿ ಮಾತಾಡಿದರು.

“ಎಲ್ಲರಿಗೂ ನಮಸ್ಕಾರ. ನಾನು ಹುಳದವಳು. ಗ್ರಹಣ ಬಿದ್ರೆ ಕಲ್ಲಾಮೆ ಕೋಟೆ ಕಾಯುತ್ತಾ ಇಲ್ವಾ, ಯಾರಾದ್ರೂ ತಿಳಿದೋರು ಹೇಳಿ. ನಿಯಮಕ್ಕನ್ನ ಕೇಳ್ಬೇಡಿ. ಅವಳು ನಮ್ಮ ಮನೆ ಕಡೆಯವಳಾಗಿದಾಳೆ.”

ಬೆರಳೆತ್ತಿದರು. ಸಂದೇಶ ಹೋಯಿತು. ಮೂರು ಫೋನುಗಳಲ್ಲಿ ಎರಡು ಒಂದರ ಹಿಂದೊಂದು ಗುಂಯ್‌ಗುಟ್ಟತೊಡಗಿದವು, ನಿಲ್ಲುವ ಸೂಚನೆಯೇ ಇರಲಿಲ್ಲ. ಯಾರೂ ಅವನ್ನು ತಿರುಗಿಸಿ ನೋಡಲಿಲ್ಲ.

“ನನ್ನನ್ನ ಮತ್ತೆ ಗ್ರೂಪಿಗೆ ಸೇರಿಸ್ತಾರಾ?” ಅಂದ ಅವನು, ಅವಳಿಗೆ ಮಾತ್ರ ಕೇಳಿಸುವ ಹಾಗೆ.

“ಅಡ್ಮಿನ್‌ಗೆ ನಾನು ಹೇಳ್ತೀನಿ,” ಅಂದಳು. ಅವನ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂತಳು. “ಆದ್ರೆ ಇನ್ನು ಮೇಲೆ ನಿಂಗೇನಾದ್ರೂ ಕೇಳಬೇಕಾದ್ರೆ ಅಲ್ಲಿ ಕೇಳ್ಬೇಡ.”